ಚಾಳೀಸು ಎಲ್ಲರಿಗೂ, ಕನ್ನಡಕ ಕೆಲವರಿಗೆ

ಮೈಸೂರಿನ ಧನ್ವಂತರಿ ರಸ್ತೆಯ ಔಷಧ ಅಂಗಡಿಯ ಮುಂದೆ ಒಬ್ಬರು ಮಾತ್ರೆಯ ಪಟ್ಟಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಾರೆ. ಅವಧಿ ಮುಗಿಯುವ ತಿಂಗಳು ಅಲ್ಲೇ ಎಲ್ಲೋ ಅಚ್ಚಾಗಿದೆ, ಕಣ್ಣಿಗೆ ಮಾತ್ರ ಸಿಗುತ್ತಿಲ್ಲ. ಶಿವರಾಂಪೇಟೆಯ ಟೈಲರ್ ಸೂಜಿ, ದಾರ ಎರಡನ್ನೂ ಅಂಗಡಿ ಹುಡುಗನ ಕೈಗಿಟ್ಟು ‘ಪೋಣಿಸಿಕೊಡಪ್ಪ’ ಎನ್ನುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ಕೊಂಡವರು ಮೊಬೈಲನ್ನು ಒಂದು ಮೊಳ ದೂರ ಹಿಡಿದು, ಒತ್ತಿದ್ದು ಎಂಬತ್ತೋ ಎಂಟುನೂರೋ ಎಂದು ವ್ಯಾಪಾರಿಯನ್ನೇ ಕೇಳುತ್ತಾರೆ. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ ಕೂತವರು ತಿಥಿ ಎಷ್ಟು ಗಳಿಗೆಗೆ ಮುಗಿಯುತ್ತದೆಂದು ಹುಡುಕುವಷ್ಟರಲ್ಲಿ ತಿಥಿಯೇ ಮುಗಿದಿರುತ್ತದೆ.

ಇವರೆಲ್ಲರಿಗೂ ದೂರದ್ದು ಚೆನ್ನಾಗಿಯೇ ಕಾಣುತ್ತದೆ. ಚಾಮುಂಡಿ ಬೆಟ್ಟದ ಮೇಲಿನ ದೀಪವೂ ಕಾಣುತ್ತದೆ, ಬರುತ್ತಿರುವ ಬಸ್ಸಿನ ನಂಬರೂ ಕಾಣುತ್ತದೆ. ಮಸುಕಾಗಿರುವುದು ಕೈಯಳತೆಯ ಒಳಗಿನ ಲೋಕ ಮಾತ್ರ. ಊರಿನ ಮಾತಿನಲ್ಲಿ ಇದು ಚಾಳೀಸು, ವೈದ್ಯರ ಚೀಟಿಯಲ್ಲಿ ಪ್ರೆಸ್‌ಬಯೋಪಿಯಾ. ನಲವತ್ತರ ಆಸುಪಾಸಿನಲ್ಲಿ ಬಡವ, ಬಲ್ಲಿದ, ಓದಿದವ, ಓದದವ ಎನ್ನದೆ ಎಲ್ಲರಿಗೂ ಬರುತ್ತದೆ.

ಎಲ್ಲರಿಗೂ ಬರುವುದರಿಂದಲೇ ಇದರ ಬಗ್ಗೆ ಎಲ್ಲರಿಗೂ ಒಂದೊಂದು ಸಿದ್ಧಾಂತ. ಮೊಬೈಲ್ ನೋಡಿ ನೋಡಿ ಬಂತು ಎಂದು ಕೆಲವರು. ಕಣ್ಣಿನ ನರ ಸೋತಿದೆ, ವ್ಯಾಯಾಮ ಬೇಕು ಎಂದು ಕೆಲವರು. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರ್ ಏರುತ್ತದೆ ಎಂದು ಇನ್ನು ಕೆಲವರು. ಮೂರೂ ನಿಜವಲ್ಲ. ಏಕೆಂದು ತಿಳಿಯಲು ಕಣ್ಣಿನೊಳಗೆ ಸ್ವಲ್ಪ ಇಳಿಯಬೇಕು.

ಸ್ನಾಯು ಬಿಗಿದರೆ ಎಳೆ ಸಡಿಲ

ಕಣ್ಣಿಗೆ ಬಂದ ಬೆಳಕನ್ನು ಮೊದಲು ಬಾಗಿಸುವುದು ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ. ಒಟ್ಟು ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಅದರದ್ದೇ. ಆದರೆ ಅದರ ಆಕಾರ ಬದಲಾಗದು. ದೂರ, ಹತ್ತಿರ ಎಂದು ಹೊಂದಿಸಿಕೊಳ್ಳುವ ಹೊಣೆ ಪಾಪೆಯ ಹಿಂದೆ ಕೂತಿರುವ ಪುಟ್ಟ ಮಸೂರದ್ದು. ಅದರ ಅಗಲ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ, ದಪ್ಪ ಸುಮಾರು 4 ಮಿಲಿಮೀಟರ್.

ಈ ಹೊಣೆ ಮಸೂರದ್ದೇ ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಥಾಮಸ್ ಯಂಗ್, 1801ರಲ್ಲಿ. ಅವರು ತಮ್ಮ ಕಣ್ಣನ್ನೇ ನೀರಿನಲ್ಲಿ ಮುಳುಗಿಸಿ ಕಾರ್ನಿಯಾದ ಬೆಳಕು ಬಾಗಿಸುವ ಶಕ್ತಿಯನ್ನು ಇಲ್ಲವಾಗಿಸಿದರು. ಅದರ ಜಾಗಕ್ಕೆ ಒಂದು ಗಾಜಿನ ಮಸೂರವಿಟ್ಟು ನೋಡಿದಾಗಲೂ ಹತ್ತಿರ–ದೂರದ ಹೊಂದಾಣಿಕೆ ಮೊದಲಿನಂತೆಯೇ ನಡೆಯಿತು.

ಅದು ಹೇಗೆ ನಡೆಯುತ್ತದೆ ಎಂಬ ವಿವರಣೆ 1855ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರಿಂದ ಬಂತು. ಮಸೂರದ ಸುತ್ತ ಉಂಗುರದ ಆಕಾರದಲ್ಲಿ ಸಿಲಿಯರಿ ಎಂಬ ಸ್ನಾಯು ಇದೆ. ಸ್ನಾಯುವಿನಿಂದ ಮಸೂರದ ಅಂಚಿಗೆ ನವಿರಾದ ಎಳೆಗಳು ಕಟ್ಟಿಕೊಂಡಿವೆ. ದೂರ ನೋಡುವಾಗ ಸ್ನಾಯು ವಿಶ್ರಾಂತಿಯಲ್ಲಿರುತ್ತದೆ, ಉಂಗುರ ಅಗಲವಾಗಿರುತ್ತದೆ, ಎಳೆಗಳು ಬಿಗಿದು ಮಸೂರವನ್ನು ಚಪ್ಪಟೆಯಾಗಿ ಹಿಡಿದಿರುತ್ತವೆ. ಹತ್ತಿರದ್ದನ್ನು ನೋಡುವಾಗ ಸ್ನಾಯು ಬಿಗಿಯುತ್ತದೆ, ಉಂಗುರ ಕಿರಿದಾಗುತ್ತದೆ, ಎಳೆಗಳು ಸಡಿಲಗೊಳ್ಳುತ್ತವೆ. ಹಿಡಿತ ತಪ್ಪಿದ ಮಸೂರ ತನ್ನಷ್ಟಕ್ಕೆ ತಾನೇ ಉಬ್ಬಿ ದುಂಡಗಾಗುತ್ತದೆ.

‘ತನ್ನಷ್ಟಕ್ಕೆ ತಾನೇ’ ಎಂಬುದನ್ನು ಗಮನಿಸಬೇಕು. ಮಸೂರವನ್ನು ಯಾರೂ ಒತ್ತಿ ದುಂಡಗೆ ಮಾಡುವುದಿಲ್ಲ. ಅದು ಮೆತ್ತಗಿದ್ದರೆ ಮಾತ್ರ ಉಬ್ಬೀತು. ಚಾಳೀಸಿನ ಕಥೆಯೆಲ್ಲ ಆ ಮೆತುತನ ಕಳೆದುಹೋಗುವ ಕಥೆ.

ಬೆಳೆಯುತ್ತಲೇ ಇರುವ ಅಂಗ

ಚರ್ಮ ಹಳೆಯ ಕೋಶಗಳನ್ನು ಉದುರಿಸಿ ಹೊಸದನ್ನು ಹೊದೆಯುತ್ತದೆ. ಮಸೂರಕ್ಕೆ ಆ ದಾರಿಯಿಲ್ಲ. ಅದು ತೆಳುವಾದ ಚೀಲವೊಂದರೊಳಗೆ ಮುಚ್ಚಿಕೊಂಡಿದೆ. ಹುಟ್ಟಿನಿಂದ ಸಾಯುವವರೆಗೆ ಅದರಲ್ಲಿ ಹೊಸ ತಂತುಗಳು ಹುಟ್ಟುತ್ತಲೇ ಇರುತ್ತವೆ, ಹಳೆಯವು ಹೊರಗೆ ಹೋಗಲಾರದೆ ಈರುಳ್ಳಿಯ ಪದರಗಳಂತೆ ಒಳಗೊಳಗೆ ಸೇರಿಕೊಳ್ಳುತ್ತವೆ. ನಟ್ಟನಡುವಿನ ತಿರುಳು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ರೂಪುಗೊಂಡದ್ದೇ.

ಪಾರದರ್ಶಕವಾಗಿರಬೇಕೆಂದು ಮಸೂರದಲ್ಲಿ ರಕ್ತನಾಳಗಳೂ ಇಲ್ಲ. ಒಳಗಿನ ತಂತುಗಳಲ್ಲಿರುವ ಪ್ರೋಟೀನು ಸವೆದರೆ ಹೊಸದೂ ಬರುವುದಿಲ್ಲ. ವರ್ಷಗಳು ಕಳೆದಂತೆ ಈ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ತಿರುಳು ಬಿರುಸಾಗುತ್ತದೆ. ಆಗ ಸ್ನಾಯು ಎಂದಿನಂತೆ ಬಿಗಿಯುತ್ತದೆ, ಎಳೆಗಳು ಎಂದಿನಂತೆ ಸಡಿಲವಾಗುತ್ತವೆ, ಮಸೂರ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ವ್ಯಾಯಾಮದ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಸಿಲಿಯರಿ ಸ್ನಾಯು ಇಳಿವಯಸ್ಸಿನಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ. ಸೋತಿರುವುದು ಅದಲ್ಲ. ಕಣ್ಣುಗುಡ್ಡೆಯನ್ನು ಎಷ್ಟು ತಿರುಗಿಸಿದರೂ, ಅಂಗೈ ಉಜ್ಜಿ ಎಷ್ಟು ಹೊತ್ತು ಮುಚ್ಚಿಟ್ಟರೂ ಬಿರುಸಾದ ಮಸೂರ ಮೆತ್ತಗಾಗದು. ಮೊಬೈಲಿನ ಮೇಲಿನ ಆರೋಪವೂ ಇಲ್ಲಿಗೇ ಬೀಳುತ್ತದೆ. ಮೊಬೈಲ್ ಚಾಳೀಸನ್ನು ತರುವುದಿಲ್ಲ, ಬಂದಿರುವುದನ್ನು ದಿನಕ್ಕೆ ನೂರು ಸಲ ತೋರಿಸಿಕೊಡುತ್ತದೆ.

ಇಳಿಕೆ ಶುರುವಾಗುವುದು ಬಾಲ್ಯದಲ್ಲೇ

ನಲವತ್ತಾಗುತ್ತಲೇ ಕಣ್ಣು ದಿಢೀರನೆ ಕೈಕೊಟ್ಟಿತು ಎಂದು ಅನೇಕರಿಗೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ನೆದರ್ಲೆಂಡ್ಸ್‌ನ ವೈದ್ಯ ಫ್ರಾನ್ಸ್ ಡಾಂಡರ್ಸ್ 1864ರಷ್ಟು ಹಿಂದೆಯೇ ಈ ಇಳಿಕೆಯ ಲೆಕ್ಕ ಬರೆದಿಟ್ಟರು. ಅವರ ಲೆಕ್ಕದ ಪ್ರಕಾರ 10 ವರ್ಷದ ಮಗು ಸುಮಾರು 7 ಸೆಂಟಿಮೀಟರ್ ಹತ್ತಿರ ಹಿಡಿದದ್ದನ್ನೂ ಸ್ಪಷ್ಟವಾಗಿ ನೋಡಬಲ್ಲದು. 20ಕ್ಕೆ ಈ ದೂರ 10 ಸೆಂಟಿಮೀಟರ್ ಆಗುತ್ತದೆ, 30ಕ್ಕೆ 14, 40ಕ್ಕೆ 22. ಮುಂದಿನ ಹತ್ತು ವರ್ಷದಲ್ಲಿ ಅದು 40 ಸೆಂಟಿಮೀಟರಿಗೆ ಜಿಗಿಯುತ್ತದೆ. 60ರ ಹೊತ್ತಿಗೆ ಒಂದು ಮೀಟರ್.

ಪುಸ್ತಕವನ್ನು ನಾವು ಸಾಮಾನ್ಯವಾಗಿ 33ರಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತೇವೆ. ಕಾಣುವ ಅಂಚು 14ರಿಂದ 22ಕ್ಕೆ ಸರಿದಾಗ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಹತ್ತಿರ ಯಾರು ಓದುತ್ತಾರೆ? ಅಂಚು ಓದುವ ದೂರವನ್ನು ಮುಟ್ಟಿದಾಗಲೇ ಎಚ್ಚರ. ಮುಟ್ಟುವ ಮೊದಲೂ ಸೂಚನೆ ಸಿಗುತ್ತದೆ: ಇರುವ ಶಕ್ತಿಯನ್ನೆಲ್ಲ ಬಳಸಿ ಓದುವುದು ಆಯಾಸದ ಕೆಲಸವಾದ್ದರಿಂದ ಸಂಜೆಯಾಗುತ್ತಲೇ ಹಣೆ ನೋವು, ಕಣ್ಣು ಭಾರ, ಪತ್ರಿಕೆ ಬೇಡವೆನ್ನಿಸುವುದು.

ಕನ್ನಡ ಓದುವವರಿಗೆ ಇನ್ನೊಂದು ಪೇಚು ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತವೆ. ‘ದ’ಗೂ ‘ಧ’ಗೂ ನಡುವೆ ಇರುವುದು ಒಂದು ಸಣ್ಣ ಗೀಟು. ಮಸುಕು ಮೊದಲು ನುಂಗುವುದು ಇವುಗಳನ್ನೇ. ಲಗ್ನಪತ್ರಿಕೆಯ ಕೆಳಗಡೆ ಸಣ್ಣಕ್ಷರದಲ್ಲಿ ಹಾಕಿದ ನೆಂಟರ ಹೆಸರುಗಳಲ್ಲಿ ಯಾರ ಹೆಸರಿಗೆ ಯಾವ ಒತ್ತು ಎಂಬುದು ಊಹೆಗೆ ಬಿಟ್ಟ ವಿಷಯವಾಗುತ್ತದೆ.

ಬನ್ನೂರಿನ ಯತಿಯ ಕನ್ನಡಕ

ಹತ್ತಿರದ್ದನ್ನು ಕಾಣಿಸುವ ಉಬ್ಬುಗಾಜಿನ ಕನ್ನಡಕ ಮೊದಲು ಹುಟ್ಟಿದ್ದು 13ನೇ ಶತಮಾನದ ಕೊನೆಯ ಭಾಗದಲ್ಲಿ, ಇಟಲಿಯಲ್ಲಿ. ದೂರ ಕಾಣದವರ ಕನ್ನಡಕ ಬಂದದ್ದು ಆಮೇಲೆ. ಅಂದರೆ ಮನುಷ್ಯ ಕನ್ನಡಕವನ್ನು ಕಂಡುಕೊಂಡದ್ದೇ ಚಾಳೀಸಿನ ಕಾಟಕ್ಕೆ.

ಭಾರತದಲ್ಲಿ ಕನ್ನಡಕ ಬಳಸಿದ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದು ಮೈಸೂರಿಗೆ ತೀರ ಹತ್ತಿರದ್ದು. ವ್ಯಾಸರಾಯರು ಹುಟ್ಟಿದ್ದು ತಿ. ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾದ, ಪುರಂದರದಾಸರಿಗೆ ಗುರುವಾದ ಈ ಯತಿ 1539ರಲ್ಲಿ ತೀರಿಕೊಂಡರು. ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕಣ್ಣಿಗೆ ಗಾಜಿನ ಗೋಲಗಳನ್ನು ಹಿಡಿದು ಓದುವ ವರ್ಣನೆ ಬರುತ್ತದೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಇದನ್ನು ಎತ್ತಿ ತೋರಿಸಿ, ಕಾಲ ಸುಮಾರು 1520 ಎಂದು ಲೆಕ್ಕ ಹಾಕಿದರು. ಆಗ ವ್ಯಾಸರಾಯರಿಗೆ ಕಡಿಮೆಯೆಂದರೂ ಅರವತ್ತರ ಹತ್ತಿರ. ಪೋರ್ಚುಗೀಸರು ಗೋವಾ ಹಿಡಿದು ಹತ್ತು ವರ್ಷವಾಗಿತ್ತು. ಆ ಕನ್ನಡಕ ಅವರ ಹಡಗಿನಲ್ಲೇ ಬಂದಿರಬಹುದು ಎಂಬುದು ಒಂದು ಊಹೆ.

ಆ ವಯಸ್ಸಿನಲ್ಲಿ ಅವರ ಮುಂದಿದ್ದುದು ಕಂಟದಿಂದ ಕೊರೆದು ಮಸಿ ಸವರಿದ ತಾಳೆಗರಿಯ ಒತ್ತೊತ್ತು ಸಾಲುಗಳು. ಅಂಥ ಗರಿಗಳನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ನೋಡಿದವರಿಗೆ ಕನ್ನಡಕದ ಬೆಲೆ ಬೇರೆ ಹೇಳಬೇಕಿಲ್ಲ. ಕನ್ನಡಕವಿಲ್ಲದ ಕಾಲದಲ್ಲಿ ಐವತ್ತು ದಾಟಿದ ಪಂಡಿತ ಶಿಷ್ಯನಿಂದ ಓದಿಸಿ ಕೇಳಬೇಕಿತ್ತು, ಇಲ್ಲವೇ ನೆನಪಿನಿಂದ ಹೇಳಬೇಕಿತ್ತು.

ಬೆಳಕಿಗೆ ಹಿಡಿದರೆ ಏಕೆ ಕಾಣುತ್ತದೆ?

ಅಕ್ಕಿ ಆರಿಸುವ ಮೊರವನ್ನು ಅಜ್ಜಿಯರು ಅಡುಗೆಮನೆಯಿಂದ ಜಗಲಿಗೆ ತರುವುದು ಸುಮ್ಮನೆ ಅಲ್ಲ. ಬೆಳಕು ಹೆಚ್ಚಿದಾಗ ಪಾಪೆ ಕಿರಿದಾಗುತ್ತದೆ. ಕಿರಿದಾದ ಕಿಂಡಿಯಿಂದ ಬರುವ ಬೆಳಕು ಕಣ್ಣಿನೊಳಗೆ ಕಡಿಮೆ ಚದುರುತ್ತದೆ, ಹೊಂದಾಣಿಕೆ ತುಸು ತಪ್ಪಿದ್ದರೂ ಚಿತ್ರ ಸ್ಪಷ್ಟವಾಗಿರುತ್ತದೆ. ಮಂದ ದೀಪದ ಹೋಟೆಲಿನಲ್ಲಿ ಮೆನು ಓದಲಾಗದಿರುವುದೂ ಇದೇ ಕಾರಣಕ್ಕೆ.

ಕೆಲವು ವರ್ಷಗಳಿಂದ ಸುದ್ದಿಯಲ್ಲಿರುವ ‘ಕನ್ನಡಕ ಬಿಡಿಸುವ ಹನಿ’ಯ ಗುಟ್ಟೂ ಇಷ್ಟೇ. ಪೈಲೋಕಾರ್ಪಿನ್ ಎಂಬ ಹಳೆಯ ಔಷಧ ಪಾಪೆಯನ್ನು ಕೆಲವು ಗಂಟೆಗಳ ಕಾಲ ಕಿರಿದು ಮಾಡುತ್ತದೆ. ಚಾಳೀಸಿಗೆಂದು ಅದರ ಹನಿಗೆ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ 2024ರಲ್ಲಿ ಎಂಟಾಡ್ ಕಂಪನಿಯ ಪ್ರೆಸ್‌ವು ಹನಿಗೆ ಅನುಮತಿ ಸಿಕ್ಕಿ ದೊಡ್ಡ ಸುದ್ದಿಯಾಯಿತು. ಆದರೆ ಅನುಮತಿಯಲ್ಲಿ ಇಲ್ಲದ್ದನ್ನು ಪ್ರಚಾರದಲ್ಲಿ ಹೇಳಲಾಗಿದೆಯೆಂದು ಕೇಂದ್ರದ ಔಷಧ ನಿಯಂತ್ರಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ಅಮಾನತಿನಲ್ಲಿಟ್ಟರು. ಇಂಥ ಹನಿ ಬಿರುಸಾದ ಮಸೂರವನ್ನು ಮೆತ್ತಗೆ ಮಾಡುವುದಿಲ್ಲ. ಪರಿಣಾಮ ಇಳಿದ ಮೇಲೆ ಚಾಳೀಸು ಮೊದಲಿನಂತೆಯೇ. ತಲೆನೋವು, ಮಬ್ಬು ಬೆಳಕಿನಲ್ಲಿ ಕತ್ತಲೆ ಕವಿದಂತಾಗುವುದು ಇದರ ಜತೆ ಬರುವ ತೊಂದರೆಗಳು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಲೇಬಾರದು.

ಯಾರಿಗೆ ಬೇಗ, ಯಾರಿಗೆ ತಡ

ಚಿಕ್ಕಂದಿನಿಂದ ದೂರದ್ದು ಕಾಣದೆ ಮೈನಸ್ ಕನ್ನಡಕ ಹಾಕಿದವರು ಇದರಲ್ಲಿ ಅದೃಷ್ಟವಂತರು. ಕನ್ನಡಕ ಹಣೆಗೇರಿಸಿ ಪುಸ್ತಕ ಓದುವ ಮೇಷ್ಟರಿಗೆ ಚಾಳೀಸು ಬಂದಿಲ್ಲವೆಂದಲ್ಲ, ಅವರ ಬರಿಗಣ್ಣು ಮೊದಲಿನಿಂದ ಹತ್ತಿರಕ್ಕೇ ಹೊಂದಿಕೊಂಡಿದೆ. ಪ್ಲಸ್ ನಂಬರಿನವರಿಗೆ ತದ್ವಿರುದ್ಧ. ಅವರು ದೂರ ನೋಡಲೂ ಮಸೂರವನ್ನು ದುಡಿಸಿರುತ್ತಾರೆ, ಹತ್ತಿರಕ್ಕೆ ಉಳಿಯುವುದು ಕಡಿಮೆ, ಚಾಳೀಸು ಬೇಗ ಗೋಚರಿಸುತ್ತದೆ.

ಓದುವ ಕನ್ನಡಕ ಗಂಡಸರಿಗಿಂತ ಹೆಂಗಸರಿಗೆ ಬೇಗ ಬೇಕಾಗುತ್ತದೆ. ಅವರ ಮಸೂರ ಬೇಗ ಬಿರುಸಾಗುತ್ತದೆ ಎಂದಲ್ಲ. ಅವರು ಮಾಡುವ ಕೆಲಸಗಳು ಕಣ್ಣಿಗೆ ಇನ್ನೂ ಹತ್ತಿರದವು, ಕೈಯೂ ಸರಾಸರಿಯಲ್ಲಿ ಚಿಕ್ಕದು. ಸಕ್ಕರೆ ಕಾಯಿಲೆ ಇರುವವರಿಗೂ ಬೇಗ. ಸಕ್ಕರೆ ಏರಿಳಿದಂತೆ ಮಸೂರ ನೀರು ಹೀರಿ ಬಿಡುವುದರಿಂದ ನಂಬರ್ ವಾರದಿಂದ ವಾರಕ್ಕೆ ಬದಲಾಗಲೂಬಹುದು. ಹಾಗಾಗಿ ಸಕ್ಕರೆ ಹತೋಟಿಗೆ ಬರುವವರೆಗೆ ಹೊಸ ಕನ್ನಡಕ ಮಾಡಿಸದಿರುವುದು ಜಾಣತನ.

ಎಪ್ಪತ್ತರ ಅಜ್ಜಿಯೊಬ್ಬರು ಒಂದು ದಿನ ಕನ್ನಡಕ ಕಳಚಿಟ್ಟು ಸಲೀಸಾಗಿ ಓದತೊಡಗಿದರೆ ಮನೆಯವರೆಲ್ಲ ಸಂಭ್ರಮಿಸುತ್ತಾರೆ. ಅದು ಸಾಮಾನ್ಯವಾಗಿ ಕಣ್ಣಿನ ಪೊರೆಯ ಮುನ್ಸೂಚನೆ. ತಿರುಳು ಇನ್ನಷ್ಟು ಸಾಂದ್ರವಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಹತ್ತಿರದ್ದು ಕಾಣುತ್ತದೆ, ದೂರದ್ದು ಮಂಕಾಗುತ್ತದೆ. ಪೊರೆ ತೆಗೆದು ಕೂರಿಸುವ ಕೃತಕ ಮಸೂರವೂ ಸಾಮಾನ್ಯವಾಗಿ ಒಂದೇ ದೂರಕ್ಕೆ ಹೊಂದಿಸಿದ್ದು, ಅದು ಉಬ್ಬಲಾರದು. ಆಪರೇಷನ್ ಚೆನ್ನಾಗಿ ಆಗಿದ್ದರೂ ಓದಲು ಕನ್ನಡಕ ಬೇಕಾಗುವುದು ಅದಕ್ಕೇ. ಹಲವು ದೂರಕ್ಕೆ ಹೊಂದುವ ದುಬಾರಿ ಮಸೂರಗಳೂ ಇವೆ, ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುವುದು ಅವುಗಳ ಕೊರತೆ.

ಕೈಕಸುಬಿನ ಊರಿಗೆ ಬೀಳುವ ಪೆಟ್ಟು

ಚಾಳೀಸನ್ನು ಓದುಬರಹದವರ ಸಮಸ್ಯೆ ಎಂದುಕೊಳ್ಳುವುದು ವಾಡಿಕೆ. ಮೈಸೂರಿನಲ್ಲಿ ನಿಂತು ಹಾಗೆ ಹೇಳುವುದು ಕಷ್ಟ. ಬೀಟೆಮರದ ಹಲಗೆಯಲ್ಲಿ ಗುಳಿ ತೋಡಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸುವ ಇನ್‌ಲೇ ಕೆಲಸ, ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆಯ ಒಂದೊಂದು ಮಣಿಯನ್ನೂ ಉಬ್ಬಿಸಿ ಚಿನ್ನದ ರೇಕು ಅಂಟಿಸುವ ಕೆಲಸ, ರೇಷ್ಮೆ ಕಾರ್ಖಾನೆಯಲ್ಲಿ ಕಡಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ, ಎಲ್ಲವೂ ನಡೆಯುವುದು ಕಣ್ಣಿನಿಂದ ಒಂದು ಗೇಣು, ಒಂದೂವರೆ ಗೇಣಿನ ಒಳಗೆ. ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುವ, ಫಾಲ್ಸ್ ಹೊಲಿಯುವ, ಬೀಡಿ ಸುತ್ತುವ ಹೆಂಗಸರಿಗೆ ಕೂಲಿ ಸಿಗುವುದು ಮುಗಿಸಿದ ಎಣಿಕೆಯ ಮೇಲೆ.

ಇಂಥ ಕೆಲಸದಲ್ಲಿ ಇಪ್ಪತ್ತೈದು ವರ್ಷದ ಅನುಭವ ಕೂಡಿಬರುವ ವಯಸ್ಸು ಯಾವುದೋ, ಚಾಳೀಸು ಬರುವ ವಯಸ್ಸೂ ಅದೇ. ಕೈ ಪಳಗಿದಾಗ ಕಣ್ಣು ಜಾರುತ್ತದೆ. ಕನ್ನಡಕ ಸಿಗದಿದ್ದರೆ ಕೆಲಸ ನಿಧಾನವಾಗುತ್ತದೆ, ನಾಜೂಕಿನ ಕೆಲಸ ಬೇರೆಯವರ ಪಾಲಾಗುತ್ತದೆ.

ಈ ನಷ್ಟವನ್ನು ಅಳೆದು ನೋಡಿದವರಿದ್ದಾರೆ. 2017ರಲ್ಲಿ ಅಸ್ಸಾಮಿನ ಚಹಾ ತೋಟವೊಂದರಲ್ಲಿ 40 ದಾಟಿದ 751 ಕೂಲಿಕಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಹತ್ತಿರದ ಕನ್ನಡಕ ಕೊಟ್ಟರು. ಕನ್ನಡಕ ಸಿಕ್ಕವರು ಎಲೆ ಬಿಡಿಸಿದ ಪ್ರಮಾಣ ಉಳಿದವರಿಗಿಂತ ಶೇ 21.7ರಷ್ಟು ಹೆಚ್ಚು ಏರಿತು. 50 ಮೀರಿದವರಲ್ಲಿ ಈ ಅಂತರ ಶೇ 31.6. ಬಾಂಗ್ಲಾದೇಶದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನದಲ್ಲಿ ಕನ್ನಡಕ ಪಡೆದವರ ಆದಾಯವೇ ಮೂರನೇ ಒಂದರಷ್ಟು ಹೆಚ್ಚಾಯಿತು. ದುಡಿಯುವವರಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಔಷಧ ಇನ್ನೊಂದು ಸಿಗುವುದು ಕಷ್ಟ.

ಆದರೂ ಕನ್ನಡಕ ಎಲ್ಲರ ಮೂಗಿಗೆ ಏರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಚಾಳೀಸು ಇರುವವರು 180 ಕೋಟಿ, ಅವರಲ್ಲಿ ಸರಿಯಾದ ಕನ್ನಡಕವಿಲ್ಲದೆ ಹತ್ತಿರದ್ದು ಕಾಣದವರು 82 ಕೋಟಿಗೂ ಹೆಚ್ಚು.

ಯಾವ ಕನ್ನಡಕ?

ನಲವತ್ತೆರಡು–ಮೂರರ ವಯಸ್ಸಿಗೆ ಸಾಮಾನ್ಯವಾಗಿ ಪ್ಲಸ್ 1 ಸಾಕು, ಐವತ್ತಕ್ಕೆ ಪ್ಲಸ್ 2ರ ಹತ್ತಿರ, ಅರವತ್ತಕ್ಕೆ ಪ್ಲಸ್ 2.5. ಕನ್ನಡಕ ಹಾಕಿದರೂ ಬಿಟ್ಟರೂ ನಂಬರ್ ಏರುವುದು ಹೀಗೆಯೇ, ಏಕೆಂದರೆ ಏರಿಸುತ್ತಿರುವುದು ವಯಸ್ಸು. ಅರವತ್ತರ ನಂತರ ಮಸೂರ ಪೂರ್ತಿ ಬಿರುಸಾಗಿರುವುದರಿಂದ ಏರಿಕೆಯೂ ನಿಲ್ಲುತ್ತದೆ.

ಮೈಸೂರಿನ ಚಿಕ್ಕ ಗಡಿಯಾರದ ಸುತ್ತಮುತ್ತಲಂಥ ಕಡೆ ಬೀದಿಬದಿಯಲ್ಲಿ ಸಿಗುವ ಸಿದ್ಧ ಕನ್ನಡಕದಿಂದ ಕಣ್ಣು ಕೆಡುವುದಿಲ್ಲ. ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ದೂರದ ದೃಷ್ಟಿ ಸರಿಯಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಎರಡೂ ಕಣ್ಣಿನದು ಬೇರೆ ಬೇರೆಯಿದ್ದರೆ ತಲೆನೋವು ಬರಬಹುದು.

ಬೈಫೋಕಲ್ಲಿನಲ್ಲಿ ಮೇಲೆ ದೂರ, ಕೆಳಗೆ ಹತ್ತಿರ. ಪ್ರೋಗ್ರೆಸಿವ್‌ನಲ್ಲಿ ಗೆರೆಯಿಲ್ಲದೆ ಮೇಲಿನಿಂದ ಕೆಳಕ್ಕೆ ನಂಬರ್ ಬದಲಾಗುತ್ತ ಹೋಗುತ್ತದೆ. ಎರಡರಲ್ಲೂ ಕೆಳಭಾಗದಿಂದ ನೋಡಿದರೆ ಕಾಲಬುಡದ ನೆಲ ಮಸುಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇಳಿಯುವವರು ಕತ್ತು ಬಗ್ಗಿಸಿ ಮೇಲ್ಭಾಗದಿಂದ ಮೆಟ್ಟಿಲು ನೋಡಬೇಕು, ಇಲ್ಲವೇ ಅಂದಿಗೆ ಬರೀ ದೂರದ ಕನ್ನಡಕ ಹಾಕಿಕೊಳ್ಳಬೇಕು.

ಕಸುಬಿನವರು ಅಂಗಡಿಗೆ ಹೋದಾಗ ತಮ್ಮ ಕೆಲಸದ ದೂರವನ್ನು ಹೇಳಬೇಕು. ಓದುವ ದೂರಕ್ಕೆ ಅಳೆದ ಕನ್ನಡಕ ಕುಸುರಿ ಕೆಲಸಕ್ಕೆ ಸಾಲದು, ಕಂಪ್ಯೂಟರಿಗೆ ಹೆಚ್ಚಾಗುತ್ತದೆ. ಸೂಜಿಯನ್ನೋ ಉಳಿಯನ್ನೋ ಹಿಡಿಯುವ ರೀತಿಯಲ್ಲಿ ಹಿಡಿದು ತೋರಿಸಿ ನಂಬರ್ ಬರೆಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ನಂಬರಿನ ಜತೆಗೆ ನೋಡಿಸಬೇಕಾದದ್ದು

ಬೀದಿಬದಿಯ ಕನ್ನಡಕದ ನಿಜವಾದ ಅಪಾಯ ಬೇರೆಯೇ ಇದೆ. ಹತ್ತಿರದ್ದು ಕಂಡುಬಿಟ್ಟರೆ ಮನುಷ್ಯ ಕಣ್ಣಿನ ವೈದ್ಯರ ಕಡೆ ತಲೆ ಹಾಕುವುದಿಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಣಿಸಿಕೊಳ್ಳುವುದೂ, ಸಕ್ಕರೆ ಕಾಯಿಲೆ ರೆಟಿನಾಗೆ ಕೈ ಹಾಕುವುದೂ ಹೆಚ್ಚಾಗಿ ನಲವತ್ತರ ನಂತರವೇ. ಎರಡೂ ಸಾಮಾನ್ಯವಾಗಿ ನೋವಿಲ್ಲದೆ, ಸದ್ದಿಲ್ಲದೆ ಬರುತ್ತವೆ. ಹೋದ ದೃಷ್ಟಿ ಮರಳುವುದು ಕಷ್ಟ. ಚಾಳೀಸಿನ ನೆಪದಲ್ಲಿ ಒಮ್ಮೆ ಕಣ್ಣಿನ ಒತ್ತಡ ಅಳೆಸಿ, ಪಾಪೆ ಹಿಗ್ಗಿಸಿ ಒಳಗನ್ನು ನೋಡಿಸಿದರೆ ಅವು ಮೊದಲ ಹಂತದಲ್ಲೇ ಸಿಕ್ಕಿಬೀಳುತ್ತವೆ. ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗವಿದೆ.

1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಇಂದು ವಯಸ್ಸಾದವರಿಗೆ ಓದುವ ಕನ್ನಡಕವನ್ನು ಉಚಿತವಾಗಿ ಕೊಡುತ್ತದೆ. ರಾಜ್ಯದ ‘ಆಶಾಕಿರಣ’ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವ್ಯವಸ್ಥೆಯಿದೆ. ಕೇಳಿ ಪಡೆಯುವವರು ಬೇಕು.

ಹತ್ತಿರದ ದೃಷ್ಟಿ ಪರೀಕ್ಷೆಗೆ ಯಂತ್ರ ಬೇಡ, ಕತ್ತಲೆ ಕೋಣೆ ಬೇಡ. ಬೇರೆ ಬೇರೆ ಗಾತ್ರದ ಅಕ್ಷರಗಳಿರುವ ಒಂದು ಕಾರ್ಡು, ಓದು ಬಾರದವರಿಗೆ ಚಿಹ್ನೆಗಳಿರುವ ಇನ್ನೊಂದು ಕಾರ್ಡು, ನಲವತ್ತು ಸೆಂಟಿಮೀಟರ್ ಅಳೆಯಲು ಒಂದು ತುಂಡು ದಾರ. ಬಿ.ಪಿ., ಶುಗರ್ ನೋಡುವ ಶಿಬಿರಗಳ ಮೇಜಿನ ಮೇಲೆ ಇವನ್ನೂ ಇಟ್ಟರೆ ಖರ್ಚೇನೂ ಹೆಚ್ಚದು. ಆ ಶಿಬಿರ ಉದ್ಯಾನದ ವಾಕಿಂಗ್ ದಾರಿಯಲ್ಲಿ ಮಾತ್ರ ನಡೆಯದೆ ಕುಚ್ಚು ಕಟ್ಟುವ ಬೀದಿಗೆ, ಬೀಡಿ ಸುತ್ತುವ ಮೊಹಲ್ಲಾಕ್ಕೆ, ಇನ್‌ಲೇ ಕೆಲಸದ ಕಾರ್ಖಾನೆಗೆ ಹೋಗಬೇಕು. ಅಲ್ಲಿ ಕನ್ನಡಕವೂ ಸೂಜಿ, ಉಳಿಗಳಂತೆ ದುಡಿಮೆಯ ಹತಾರವೇ.